ಮುಚ್ಚಳಿಕೆ ಬರೆದವನಿಗೆ ಕೆಲಸ ಕೊಡುವವರಾರು?

ಪ್ರೊಬೇಷನ್ ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ಹೊಸ ನೌಕರಿ. ಊರು ಬಿಟ್ಟು ಬಂದು ಬ್ಯಾಂಕಿಗೋ ರೈಲ್ವೆಗೋ ಸೇರಿದ ಹುಡುಗ, ಪ್ರೊಬೇಷನ್ ಮುಗಿದು ಖಾಯಂ ಆಗುವವರೆಗೆ ಮದುವೆಯ ಮಾತು ಬೇಡವೆಂದು ತಾಯಿಗೆ ಕಾಗದ ಬರೆಯುತ್ತಿದ್ದ. ಇದೇ ಶಬ್ದಕ್ಕೆ ನ್ಯಾಯಾಲಯದಲ್ಲಿ ಬೇರೊಂದು ಅರ್ಥವಿದೆ. ತಪ್ಪು ರುಜುವಾತಾದ ಮೇಲೂ ಜೈಲಿಗೆ ಕಳುಹಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು, ಬೇಕಾದಲ್ಲಿ ಒಬ್ಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಮನೆಗೆ ಬಿಡುವುದಕ್ಕೂ ಪ್ರೊಬೇಷನ್ ಎಂದೇ ಹೆಸರು. ಹೀಗೆ ಬಿಡುಗಡೆಯಾದವನು ಮರುದಿನ ಬೆಳಿಗ್ಗೆ ಕೆಲಸಕ್ಕೆ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಯ ಚರಿತ್ರೆಯನ್ನು ಹುಡುಕುತ್ತ ಹೊರಟ ನಮಗೆ ಕೊಚ್ಚಿ ಮತ್ತು ತಿರುವನಂತಪುರಗಳಲ್ಲಿ ಸಾಕಷ್ಟು ಸಾಮಗ್ರಿ ದೊರಕಿತು.

ಫೋರ್ಟ್ ಕೊಚ್ಚಿಗೆ ಪ್ರವಾಸ ಹೋದ ನಮ್ಮವರು ಚೀನೀ ಬಲೆಗಳನ್ನು ನೋಡಿ, ಪಕ್ಕದ ಮಟ್ಟಾಂಚೇರಿಯಲ್ಲಿ ಕೊಂಕಣಿ ಮಾತು ಕಿವಿಗೆ ಬಿದ್ದು ಹಿಗ್ಗಿ ಬರುತ್ತಾರೆ. ಸ್ವಾತಂತ್ರ್ಯ ಬರುವವರೆಗೆ ಈ ಎರಡರ ನಡುವೆ ಒಂದು ಗಡಿ ಇತ್ತೆಂಬುದು ಹಲವರಿಗೆ ತಿಳಿಯದು. ಮಟ್ಟಾಂಚೇರಿ ಕೊಚ್ಚಿ ಮಹಾರಾಜರದು. ಫೋರ್ಟ್ ಕೊಚ್ಚಿ ಬ್ರಿಟಿಷರದು, ಮದ್ರಾಸ್ ಪ್ರಾಂತದ ಮಲಬಾರ್ ಜಿಲ್ಲೆಗೆ ಸೇರಿದ್ದು. ನಮ್ಮ ಮಂಗಳೂರು, ಕಾಸರಗೋಡುಗಳೂ ಆಗ ಅದೇ ಪ್ರಾಂತದವು. ಆದ್ದರಿಂದ 1936ರ ಮದ್ರಾಸ್ ಪ್ರೊಬೇಷನ್ ಕಾಯಿದೆ ಮಾಡಿದ ಶಾಸನಸಭೆಯೇ ಫೋರ್ಟ್ ಕೊಚ್ಚಿಗೂ ಕಾಸರಗೋಡಿಗೂ ಶಾಸನಸಭೆಯಾಗಿತ್ತು. ನಾಲ್ಕು ಹೆಜ್ಜೆ ನಡೆದರೆ ಸಿಗುವ ಮಟ್ಟಾಂಚೇರಿ ಬೇರೆ ರಾಜ್ಯ, ನೂರಾರು ಮೈಲಿ ದೂರದ ಮಂಗಳೂರು ಒಂದೇ ಕಾನೂನಿನ ನೆಲ! 1958ರಲ್ಲಿ ದೇಶಕ್ಕೆಲ್ಲ ಅನ್ವಯಿಸಬಹುದಾದ ಕೇಂದ್ರ ಕಾಯಿದೆ ಬಂದ ಮೇಲೆ ಈ ವಿಚಿತ್ರ ಕೊನೆಗೊಂಡಿತು.

ಈ ಪದ್ಧತಿಯ ಮೂಲಪುರುಷ ವಕೀಲನೂ ಅಲ್ಲ, ನ್ಯಾಯಾಧೀಶನೂ ಅಲ್ಲ; ಅಮೆರಿಕದ ಬೋಸ್ಟನ್ ನಗರದ ಬೂಟು ಹೊಲಿಯುವ ಜಾನ್ ಅಗಸ್ಟಸ್. 1841ರಲ್ಲಿ ಅವನು ಒಬ್ಬ ಕುಡುಕನಿಗೆ ತಾನೇ ಜಾಮೀನು ನಿಂತ. ಮೂರು ವಾರಗಳ ನಂತರ ಆ ಮನುಷ್ಯ ಕುಡಿತ ಬಿಟ್ಟು ಕೋರ್ಟಿನೆದುರು ನಿಂತಾಗ ನ್ಯಾಯಾಧೀಶರು ಹೆಸರಿಗೆ ಮಾತ್ರ ಒಂದು ಸೆಂಟ್ ದಂಡ ಹಾಕಿ, ಖರ್ಚು ಕಟ್ಟಿಸಿಕೊಂಡು ಬಿಟ್ಟರು. 1859ರಲ್ಲಿ ತೀರಿಕೊಳ್ಳುವವರೆಗೆ ಅಗಸ್ಟಸ್ ಹೀಗೆ 1,900ಕ್ಕೂ ಹೆಚ್ಚು ಜನರಿಗೆ ಜಾಮೀನಾದ. ಬರಿಯ ಜಾಮೀನಲ್ಲ, ಅವರಿಗೆ ಇರಲು ಜಾಗ, ಮಾಡಲು ಕೆಲಸ ಹುಡುಕುವುದೂ ಅವನ ದಿನಚರಿಯಾಗಿತ್ತು.

ಅಗಸ್ಟಸನ ಈ ಎರಡನೆಯ ಕೆಲಸವೇ ನಮ್ಮ 1958ರ ಕಾಯಿದೆಯ 14ನೆಯ ಪ್ರಕರಣದಲ್ಲಿ ಸೇರಿದೆ. ಮೇಲ್ವಿಚಾರಣೆಗೆ ಒಳಪಟ್ಟವರಿಗೆ, ಅಗತ್ಯವಿದ್ದಲ್ಲಿ, ತಕ್ಕ ಉದ್ಯೋಗ ಹುಡುಕಿಕೊಡಲು ಯತ್ನಿಸುವುದು ಪ್ರೊಬೇಷನ್ ಅಧಿಕಾರಿಯ ಕರ್ತವ್ಯಗಳಲ್ಲೊಂದು. ಪೊಲೀಸಿನವನ ಕಣ್ಣೂ ಉದ್ಯೋಗ ವಿನಿಮಯ ಕಚೇರಿಯ ಕೈಯೂ ಒಬ್ಬನಲ್ಲೇ ಇರಬೇಕೆಂದು ಶಾಸನದ ಅಪೇಕ್ಷೆ. 12ನೆಯ ಪ್ರಕರಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೀಗೆ ಬಿಡುಗಡೆಯಾದವನಿಗೆ ಅಪರಾಧ ಸಾಬೀತಾದುದರಿಂದ ಬೇರೆ ಕಾನೂನುಗಳಡಿ ಬರುವ ಅನರ್ಹತೆ ತಟ್ಟಬಾರದೆಂದಿತು. ಓದಿದರೆ ಎಲ್ಲವೂ ಮುಗಿದಂತೆಯೇ ಕಾಣುತ್ತದೆ.

ಮುಗಿದಿಲ್ಲವೆಂದು ತೋರಿಸಿಕೊಟ್ಟವನು ಎರ್ನಾಕುಳಂ ಕಡೆಯ ಒಂದು ಸಣ್ಣ ನಿಲ್ದಾಣದ ರೈಲ್ವೆ ಪಾಯಿಂಟ್ಸ್‌ಮನ್. 1972ರಲ್ಲಿ ಕುಡಿದು ಪ್ಲಾಟ್‌ಫಾರಂ ಮೇಲೆ ಗಲಾಟೆ ಮಾಡಿದನೆಂದು ಅವನ ಮೇಲೆ ಮೊಕದ್ದಮೆ ನಡೆಯಿತು. ಮ್ಯಾಜಿಸ್ಟ್ರೇಟರು ಶಿಕ್ಷೆ ವಿಧಿಸದೆ, ಪ್ರೊಬೇಷನ್ ಕಾಯಿದೆಯಂತೆ ಬುದ್ಧಿ ಹೇಳಿ ಬಿಟ್ಟರು. ರೈಲ್ವೆ ಇಲಾಖೆ ಬಿಡಲಿಲ್ಲ; ಅಪರಾಧ ಸಾಬೀತಾಯಿತಲ್ಲ ಎಂದು ನೌಕರಿಯಿಂದ ತೆಗೆಯಿತು. ಜೈಲು ತಪ್ಪಿತು, ಅನ್ನ ಹೋಯಿತು. ಕೇರಳ ಹೈಕೋರ್ಟು ಆ ಆಜ್ಞೆಯನ್ನು ರದ್ದುಪಡಿಸಿತು. ರೈಲ್ವೆಯ ಮೇಲ್ಮನವಿ 1975ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಆದರೆ ನ್ಯಾಯಮೂರ್ತಿಗಳು ಅಳೆದು ಸುರಿದು ಮಾತಾಡಿದರು. ಪ್ರೊಬೇಷನ್ ಸಿಕ್ಕ ಮಾತ್ರಕ್ಕೆ ಅಪರಾಧ ಅಳಿಸಿಹೋಗುವುದಿಲ್ಲ, ಇಲಾಖೆಗೆ ಕ್ರಮ ಕೈಗೊಳ್ಳುವ ಹಕ್ಕಿದೆ. ಆದರೆ ಯಾಂತ್ರಿಕವಾಗಿ ತೆಗೆದುಹಾಕುವಂತಿಲ್ಲ, ತಪ್ಪಿನ ಗಾತ್ರ ನೋಡಬೇಕು, ನೌಕರನ ಮಾತು ಕೇಳಬೇಕು ಎಂದರು. 1985ರಲ್ಲಿ ದೊಡ್ಡ ಪೀಠವೊಂದು ಮಾತು ಕೇಳಲೇಬೇಕೆಂಬ ಭಾಗವನ್ನು ತೆಗೆದುಹಾಕಿತು. ಪಾಯಿಂಟ್ಸ್‌ಮನ್ ಗೆದ್ದ, ಅವನ ಹಿಂದೆ ಬಂದವರಿಗೆ ಬಾಗಿಲು ಅರ್ಧ ಮುಚ್ಚಿತು.

ಈ ಕಥೆಯಲ್ಲಿ ಮತ್ತೆ ಮತ್ತೆ ಎದುರಾಗುವ ಹೆಸರು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರದು. ತಲಶ್ಶೇರಿಯಲ್ಲಿ ವಕೀಲರಾಗಿದ್ದಾಗ 1948ರಲ್ಲಿ ಸ್ವತಃ ಸುಮಾರು ಒಂದು ತಿಂಗಳು ಬಂಧನದಲ್ಲಿದ್ದರು. 1957ರಲ್ಲಿ ಇ. ಎಂ. ಎಸ್. ಮಂತ್ರಿಮಂಡಲ ಬಂದಾಗ ಕಾನೂನಿನ ಜತೆಗೆ ಬಂದೀಖಾನೆಯ ಖಾತೆಯೂ ಅವರ ಕೈಗೆ ಬಂದಿತು. ಕಂಬಿಯೊಳಗಿದ್ದವರು ಕಂಬಿಗಳಿಗೆ ಮಂತ್ರಿಯಾದರೆ ಏನಾಗಬಹುದೆಂಬುದಕ್ಕೆ ಅವರ 1977ರ ಒಂದು ತೀರ್ಪನ್ನು ಓದಬೇಕು. ಆಂಧ್ರದ ಆ ಮೊಕದ್ದಮೆಯ ಆರೋಪಿ ನೌಕರಿ ಕೊಡಿಸುತ್ತೇನೆಂದು ನಿರುದ್ಯೋಗಿ ಹುಡುಗರಿಂದ ಹಣ ಕಿತ್ತವನು. ನಮ್ಮಂಥ ವಲಸಿಗರಿಗೆ ಇಂಥವನ ಮೇಲೆ ಬರುವಷ್ಟು ಸಿಟ್ಟು ಇನ್ನಾರ ಮೇಲೂ ಬಾರದು. ಅಯ್ಯರ್ ಅವನ ಶಿಕ್ಷೆಯ ಅವಧಿ ಕಡಿಮೆ ಮಾಡಿ, ವಂಚನೆಗೊಳಗಾದವನಿಗೆ ಹಣ ಸಲ್ಲಬೇಕೆಂದರು. ಕೈದಿಗೆ ಜಡವಾದ ದುಡಿಮೆಯ ಬದಲು ಬುದ್ಧಿಗೆ ಕೆಲಸ ಕೊಡುವ ಉದ್ಯೋಗ, ಅದಕ್ಕೆ ಕೂಲಿ, ನಡುನಡುವೆ ಪೆರೋಲ್ ಕೊಡಬೇಕೆಂದು ನಿರ್ದೇಶಿಸಿದರು. ಅಮೆರಿಕದಲ್ಲಿ ಪೆರೋಲ್ ಎಂದರೆ ಉಳಿದ ಶಿಕ್ಷೆಯನ್ನು ಹೊರಗೆ ಕಳೆಯುವುದು. ನಮ್ಮಲ್ಲಿ ಅದು ರಜೆ, ಮುಗಿದೊಡನೆ ಹಿಂದಿರುಗಬೇಕು.

ಕೆಲಸ ಕಲಿಸುವ ವಿಷಯದಲ್ಲಿ ಕೇರಳದ ದೊಡ್ಡ ಪ್ರಯೋಗ ತಿರುವನಂತಪುರ ಜಿಲ್ಲೆಯ ನೆಟ್ಟುಕಾಲ್ತೇರಿಯಲ್ಲಿ 1962ರಲ್ಲಿ ಆರಂಭವಾದ ಬಯಲು ಬಂದೀಖಾನೆ. ಅಲ್ಲಿ ರಬ್ಬರ್ ತೋಟವಿದೆ. ಜೈಲಿನ ಕಸುಬುಗಳಲ್ಲಿ ಇದನ್ನು ನಾವು ವಿಶೇಷವಾಗಿ ಮೆಚ್ಚುತ್ತೇವೆ. ನೇಯ್ಗೆ ಕಲಿತವನು ಹೊರಗೆ ಬಂದು ಮಗ್ಗಕ್ಕೆ ಬಂಡವಾಳ ಹುಡುಕಬೇಕು. ರಬ್ಬರ್ ಮರಕ್ಕೆ ಗಾಯ ಹಾಕಲು ಕಲಿತವನಿಗೆ ಒಂದು ಕತ್ತಿ ಸಾಕು, ಕೇರಳದ ಹಳ್ಳಿಹಳ್ಳಿಯಲ್ಲೂ ಮರಗಳಿವೆ. ಮುಂದೆ ಇಂಥದೇ ಇನ್ನೊಂದು ಬಂದೀಖಾನೆ ಕಾಸರಗೋಡು ಜಿಲ್ಲೆಯ ಚೀಮೇನಿಯಲ್ಲಿ ಬಂದಿತು. ಕೈದಿಯ ದುಡಿಮೆಗೆ ನ್ಯಾಯವಾದ ಕೂಲಿ ಬೇಕೆಂದು ಕೇರಳ ಹೈಕೋರ್ಟು 1983ರಲ್ಲೇ ಹೇಳಿತ್ತು. 1998ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ಅದನ್ನು ಹೇಳಿ, ಅದರಲ್ಲೊಂದು ಪಾಲು ಅಪರಾಧದಿಂದ ನೊಂದವರಿಗೂ ಸಲ್ಲಲೆಂದಿತು. 2010ರ ದಶಕದಲ್ಲಿ ಕೇರಳದ ಜೈಲುಗಳ ಚಪಾತಿ ‘ಫ್ರೀಡಂ’ ಹೆಸರಿನಲ್ಲಿ ಎರಡು ರೂಪಾಯಿಗೆ ಒಂದರಂತೆ ಮಾರಾಟವಾದಾಗ ಜನ ಸಾಲುನಿಂತು ಕೊಂಡರು. ಕೈದಿ ಲಟ್ಟಿಸಿದ ಚಪಾತಿ ತಿನ್ನಲು ಯಾರೂ ಹಿಂಜರಿಯಲಿಲ್ಲ. ಅವನನ್ನೇ ಅಡುಗೆಮನೆಗೆ ಸೇರಿಸಿಕೊಳ್ಳಬೇಕಾದಾಗಿನ ಮಾತು ಬೇರೆ.

ಕೇರಳದಲ್ಲಿ ಈಗ ಕೃಷ್ಣ ಅಯ್ಯರ್ ಅವರ ಜನ್ಮದಿನ ನವೆಂಬರ್ 15ನ್ನು ಪ್ರೊಬೇಷನ್ ದಿನವಾಗಿ ಆಚರಿಸುತ್ತಾರೆ. ಈ ಪದ್ಧತಿಯನ್ನು ಬಲಪಡಿಸಲು ಸಾಮಾಜಿಕ ನ್ಯಾಯ ಇಲಾಖೆ ‘ನೇರ್‌ವಳಿ’ ಎಂಬ ಯೋಜನೆ ಹಾಕಿದೆ. ಆದರೆ ಕೆಲಸ ಕೊಡುವವನು ಇಲಾಖೆಯಲ್ಲ, ಅಂಗಡಿಯ ಯಜಮಾನ. ಹಿಂದೆ ನಮ್ಮ ಉಡುಪಿ ಹೋಟೆಲುಗಳಿಗೆ ಊರಿನಿಂದ ಓಡಿಬಂದ ಹುಡುಗರು ಸೇರುತ್ತಿದ್ದಾಗ, ಪರಿಚಯದವರು ಯಾರಾದರೂ ‘ನಮ್ಮ ಪೈಕಿ’ ಎಂದರೆ ಸಾಕಿತ್ತು. ಓಡಿಬಂದದ್ದೇಕೆಂದು ಹಲವು ಯಜಮಾನರು ಕೇಳುತ್ತಲೇ ಇರಲಿಲ್ಲ. ಇಂದು ಸಣ್ಣ ಕೆಲಸಕ್ಕೂ ಅಚ್ಚಾದ ಅರ್ಜಿಯಿದೆ. ಹಿಂದೆ ಶಿಕ್ಷೆಯಾಗಿದೆಯೇ ಎಂಬ ಕಾಲಂ ಇದೆ. ನಿಜ ಬರೆಯಲೇಬೇಕು, ಆದರೆ ಚಿಕ್ಕ ವಯಸ್ಸಿನ ಸಣ್ಣ ತಪ್ಪನ್ನು ಮುಚ್ಚಿಟ್ಟಿದ್ದರೂ ಮಾಲೀಕ ತನ್ನ ವಿವೇಚನೆಯಿಂದ ಮನ್ನಿಸಬಹುದೆಂದು ಸುಪ್ರೀಂ ಕೋರ್ಟು 2016ರಲ್ಲಿ ಹೇಳಿದೆ. ನಮ್ಮ ಓದುಗರಲ್ಲಿ ಅಂಥ ಅರ್ಜಿ ತುಂಬುವವರಿಗಿಂತ ಮೇಜಿನ ಈಚೆ ಕುಳಿತು ಅದನ್ನು ಓದುವವರೇ ಈಗ ಹೆಚ್ಚಿರಬಹುದು.