ಅಡಿಗರ ‘ಭೂತ’ ಎಲ್ಲಿಂದ ಬಂತು?

ಮಂಗಳೂರಿನ ಸುತ್ತಮುತ್ತ ‘ಭೂತ’ ಎಂಬ ಮಾತು ಕಿವಿಗೆ ಬಿದ್ದರೆ ಯಾರಿಗೂ ವ್ಯಾಕರಣದ ಭೂತಕಾಲ ನೆನಪಾಗುವುದಿಲ್ಲ. ನೆನಪಾಗುವುದು ಕೋಲ, ನೇಮ, ಗಗ್ಗರದ ಸದ್ದು, ಪಂಜುರ್ಲಿ, ಜುಮಾದಿ. ‘ಭೂತ ಎನ್ನಬೇಡಿ, ದೈವ ಎನ್ನಿ’ ಎಂದು ತಿದ್ದುವವರೂ ಈಗ ಊರೂರಲ್ಲಿ ಇದ್ದಾರೆ. ಘಟ್ಟ ಹತ್ತಿದರೆ ಅದೇ ಮಾತಿಗೆ ದೆವ್ವ ಎಂಬ ಅರ್ಥವೇ ಮುಂದು. ಶಾಲೆಗೆ ಹೋದರೆ ಅದು ಕಳೆದುಹೋದ ಕಾಲ. ಶಾಸ್ತ್ರ ಬಲ್ಲವರನ್ನು ಕೇಳಿದರೆ ಮಣ್ಣು, ನೀರು, ಬೆಂಕಿ, ಗಾಳಿ, ಆಕಾಶ. ಇಷ್ಟೆಲ್ಲ ಅರ್ಥಗಳನ್ನು ಹೊತ್ತ ಆ ಒಂದೇ ಪದವನ್ನು ತಲೆಬರಹ ಮಾಡಿಕೊಂಡು ಗೋಪಾಲಕೃಷ್ಣ ಅಡಿಗರು ಒಂದು ಕವಿತೆ ಬರೆದರು. ಅದು 1959ರಲ್ಲಿ ಬಂದ ‘ಭೂಮಿಗೀತ’ ಸಂಕಲನದಲ್ಲಿದೆ.

ನವ್ಯಕಾವ್ಯದ ಮೇಲೆ ಹಿಂದಿನಿಂದಲೂ ಒಂದು ಆಪಾದನೆಯಿದೆ. ಅದು ಹಡಗಿನಲ್ಲಿ ಬಂದ ಮಾಲು, ಇಂಗ್ಲಿಷ್ ಮೇಷ್ಟರುಗಳು ಟಿ.ಎಸ್. ಎಲಿಯಟ್‌ನನ್ನು ಓದಿ ಕನ್ನಡದಲ್ಲಿ ಬರೆದದ್ದು ಎಂಬ ಮಾತು. ಅಡಿಗರು ಇಂಗ್ಲಿಷ್ ಮೇಷ್ಟರೇ ಹೌದು. ಎಲಿಯಟ್‌ನನ್ನು ಓದಿದವರೂ ಹೌದು. ಹಾಗಾದರೆ ‘ಭೂತ’ ಎಲ್ಲಿಂದ ಬಂತು? ಲಂಡನ್ನಿನ ಪುಸ್ತಕದಿಂದಲೋ, ಬೈಂದೂರಿನ ಬಳಿಯ ಹಳ್ಳಿಯಿಂದಲೋ? ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಕೊಡುವವರನ್ನು ಅಷ್ಟಾಗಿ ನಂಬಬೇಕಾಗಿಲ್ಲ.

ಮೊದಲು ನಮ್ಮ ಜಿಲ್ಲೆಯ ಕಡೆಗೆ ನೋಡೋಣ. ಹೊಸ ಕಾವ್ಯದ ಚರ್ಚೆ ಬಂದಾಗಲೆಲ್ಲ ಮೈಸೂರು, ಧಾರವಾಡದ ಹೆಸರುಗಳೇ ಕೇಳಿಸುತ್ತವೆ. ಆದರೆ ಪದ್ಯದ ಕಟ್ಟುಪಾಡು ಸಡಿಲಿಸುವ ಕೆಲಸ ಕರಾವಳಿಯಲ್ಲಿ ಬಹಳ ಮೊದಲೇ ಶುರುವಾಗಿತ್ತು. ಮಂಗಳೂರಿನಲ್ಲಿ ಹುಟ್ಟಿ ಮಂಜೇಶ್ವರದಲ್ಲಿ ನೆಲೆಸಿದ ಗೋವಿಂದ ಪೈಗಳು 1911ರಲ್ಲಿಯೇ ಸಾಲಿನ ಎರಡನೆಯ ಅಕ್ಷರದ ಪ್ರಾಸವನ್ನು ಬಿಟ್ಟುಕೊಟ್ಟರು. ಪ್ರಾಸವಿಲ್ಲದ್ದು ಪದ್ಯವೇ ಅಲ್ಲ ಎನ್ನುತ್ತಿದ್ದ ಆ ಕಾಲಕ್ಕೆ ಅದು ಸಣ್ಣ ಮಾತಾಗಿರಲಿಲ್ಲ. ಆಮೇಲೆ ಬಂದವರು ಪೇಜಾವರ ಸದಾಶಿವರಾಯರು. ಅವರ ‘ನಾಟ್ಯೋತ್ಸವ’ ಕನ್ನಡದ ಮೊದಲ ನವ್ಯ ಕವಿತೆ ಎಂದು ಹೇಳುವ ವಿಮರ್ಶಕರು ಹಲವರಿದ್ದಾರೆ. ಓದಲೆಂದು ಇಟಲಿಗೆ ಹೋದ ಅವರು 1939ರಲ್ಲಿ, ಮೂವತ್ತು ತುಂಬುವ ಮೊದಲೇ, ಅಲ್ಲಿ ತೀರಿಕೊಂಡರು. ಬದುಕಿದ್ದರೆ ನವ್ಯದ ಚರಿತ್ರೆ ಬೇರೆ ರೀತಿ ಆಗುತ್ತಿತ್ತೇನೋ. ಅದಿರಲಿ.

ಮೊಗೇರಿ ಗೋಪಾಲಕೃಷ್ಣ ಅಡಿಗರು ಹುಟ್ಟಿದ್ದು 1918ರ ಫೆಬ್ರವರಿ 18ರಂದು. ಮೊಗೇರಿ ಇಂದು ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿಗೆ ಸೇರುತ್ತದೆ. ಆಗ ಅದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡದ ಒಂದು ಹಳ್ಳಿ, ಜಿಲ್ಲಾ ಕೇಂದ್ರ ಮಂಗಳೂರು. ‘ಅಡಿಗ’ ಎಂಬುದು ಕರಾವಳಿಯ ವೈದಿಕ ಮನೆತನಗಳ ಉಪನಾಮ. ಪೂಜೆ, ಮಂತ್ರ, ಶ್ರಾದ್ಧ ಮನೆಯೊಳಗಿನ ಸಂಗತಿಗಳಾದರೆ, ಅಂಗಳ ದಾಟಿದರೆ ಗದ್ದೆ, ಬಯಲಾಟ. ಓದಿಗಾಗಿ ಅವರು ಕುಂದಾಪುರಕ್ಕೆ, ಅಲ್ಲಿಂದ ಮೈಸೂರಿಗೆ ಹೋದರು. ಘಟ್ಟ ಹತ್ತಿದ ಕರಾವಳಿಯ ಹುಡುಗರ ಕಥೆ ಎಲ್ಲರಿಗೂ ಗೊತ್ತಿರುವುದೇ: ಊರು ಹಿಂದೆ ಉಳಿಯುತ್ತದೆ, ಆದರೆ ಬಿಟ್ಟುಹೋಗುವುದಿಲ್ಲ.

ಅವರ ಮೊದಲ ಸಂಕಲನ ‘ಭಾವತರಂಗ’ 1946ರಲ್ಲಿ ಬಂತು. ಅದಕ್ಕೆ ಮುನ್ನುಡಿ ಬರೆದವರು ಬೇಂದ್ರೆ. ಎರಡು ವರ್ಷದ ಬಳಿಕ ಬಂದ ‘ಕಟ್ಟುವೆವು ನಾವು’ ಸ್ವಾತಂತ್ರ್ಯದ ಹೊಸ ಹುರುಪಿನ ಕಾಲದ್ದು. ಹೆಸರೇ ಅದನ್ನು ಹೇಳುತ್ತದೆ. ಆದರೆ ಆ ಹುರುಪು ಬಹಳ ಕಾಲ ನಿಲ್ಲಲಿಲ್ಲ. ಹೊಸ ನಾಡು ಕಟ್ಟುತ್ತೇವೆ ಎಂದವರ ಕಣ್ಣೆದುರಿಗೇ ಸ್ವಾರ್ಥ, ಸೋಗು, ಕುರ್ಚಿಯ ಆಸೆ ಬೆಳೆದವು. ನವೋದಯದ ಇಂಪಾದ ಭಾವಗೀತೆಯಲ್ಲಿ ಈ ಕಹಿಯನ್ನು ಹಿಡಿಯಲು ಸಾಧ್ಯವಿರಲಿಲ್ಲ. 1954ರ ಸಂಕಲನಕ್ಕೆ ಅಡಿಗರು ಇಟ್ಟ ಹೆಸರು ‘ಚಂಡೆಮದ್ದಳೆ’. ನಮ್ಮವರು ‘ಚೆಂಡೆ’ ಎನ್ನುತ್ತಾರೆ. ವೀಣೆ, ಕೊಳಲುಗಳ ಕಾವ್ಯ ಸಾಕು, ಇನ್ನು ಊರಿಗೆಲ್ಲ ಕೇಳುವ ಪೆಟ್ಟು ಬೇಕು ಎಂದು ಹೇಳಬೇಕಾದಾಗ ಅವರು ಹೋದದ್ದು ಇಂಗ್ಲಿಷ್ ಪುಸ್ತಕದ ಬಳಿಗಲ್ಲ, ಯಕ್ಷಗಾನದ ರಂಗಸ್ಥಳಕ್ಕೆ. ನವ್ಯ ಪರದೇಶದ್ದು ಎನ್ನುವವರು ಈ ಹೆಸರಿನ ಬಳಿ ಒಂದು ಕ್ಷಣ ನಿಲ್ಲುವುದು ಒಳ್ಳೆಯದು.

ಹಾಗೆಂದು ಇಂಗ್ಲಿಷಿನ ಪಾಲನ್ನು ಮುಚ್ಚಿಡಬೇಕಾಗಿಲ್ಲ. ಎಲಿಯಟ್ 1919ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಪರಂಪರೆಯ ಬಗ್ಗೆ ಒಂದು ಹೊಸ ಮಾತು ಹೇಳಿದ್ದ. ಪರಂಪರೆ ಅಪ್ಪನ ಆಸ್ತಿಯಂತೆ ತನ್ನಿಂದ ತಾನೇ ಕೈಗೆ ಬರುವುದಿಲ್ಲ, ಬೇಕಾದವನು ಬೆವರು ಸುರಿಸಿ ಪಡೆಯಬೇಕು ಎಂಬುದು ಅದರ ತಿರುಳು. ಹಿಂದಿನದು ಹಿಂದೆಯೇ ಮುಗಿದಿಲ್ಲ, ಈಗಲೂ ನಮ್ಮೊಳಗೆ ಇದೆ ಎಂಬುದು ಅದರ ಇನ್ನೊಂದು ಮುಖ. ಮೂರು ವರ್ಷದ ಬಳಿಕ, 1922ರಲ್ಲಿ, ಅವನ ‘ದಿ ವೇಸ್ಟ್ ಲ್ಯಾಂಡ್’ ಬಂತು. ಮೊದಲ ಮಹಾಯುದ್ಧದ ನಂತರದ ಯೂರೋಪು ಅದರಲ್ಲಿ ಒಣಗಿದ ನೆಲ. ನೀರಿಲ್ಲ, ಬರೀ ಬಂಡೆ. ಕೊನೆಯಲ್ಲಿ ಗುಡುಗು ಮಾತಾಡುತ್ತದೆ. ಆ ಗುಡುಗನ್ನು ಎಲಿಯಟ್ ತಂದದ್ದು ನಮ್ಮ ಬೃಹದಾರಣ್ಯಕ ಉಪನಿಷತ್ತಿನಿಂದ: ದಮ, ದಾನ, ದಯೆ ಎಂದು ದೇವರಿಗೂ ಮನುಷ್ಯರಿಗೂ ಅಸುರರಿಗೂ ಪ್ರಜಾಪತಿ ಉಪದೇಶಿಸಿದ ಕತೆ. ಸಾಲದ ಲೆಕ್ಕ ಬರೆಯುವವರು ಈ ಬಾಬತ್ತನ್ನೂ ಬರೆದುಕೊಳ್ಳಬೇಕು.

ಈಗ ‘ಭೂತ’ಕ್ಕೆ ಬರೋಣ. ಕವಿತೆಯನ್ನು ಹೇಳುವವನನ್ನು ಹಿಂದಿನ ಕಾಲ ಕಾಡುತ್ತಿದೆ. ಸತ್ತ ಹಿರಿಯರು ಸುಮ್ಮನಿಲ್ಲ. ಹೂತುಹಾಕಿದ ಹಳೆಯ ಬಾವಿಯೊಳಗಿನ ಕತ್ತಲೆ, ಹಳಸಿದ ಗಾಳಿ ಮೇಲಕ್ಕೆ ತೆವಳಿ ಬರುತ್ತದೆ. ಮೊದಲ ಭಾಗವೆಲ್ಲ ಹೀಗೆ ಉಸಿರುಕಟ್ಟಿಸುವಂಥದ್ದು. ಆಮೇಲೆ ಕವಿತೆ ಮಗ್ಗುಲು ಬದಲಿಸುತ್ತದೆ. ನೆಲ ಅಗೆಯುವ ಚಿತ್ರ ಬರುತ್ತದೆ. ಗುದ್ದಲಿಗೆ ಮೊದಲು ಸಿಗುವುದು ಬರೀ ಮಣ್ಣು. ಇನ್ನೂ ಕೆಳಗೆ ಹೋದರೆ ಚಿನ್ನದ ಅದಿರು ಕಂಡೀತು. ಅದನ್ನು ತೆಗೆದು, ಸುಟ್ಟು, ಸೋಸಿ, ಬಡಿದು ಇಷ್ಟದೇವತೆಯ ವಿಗ್ರಹ ಮಾಡುವ ಕಸುಬನ್ನು ಕಲಿಯಬೇಕು. ಇನ್ನೊಂದು ಕಡೆ ಬಾವಿಯ ನೀರಿನ ಚಿತ್ರ: ತಳದಲ್ಲಿ ಕೊಳೆಯುತ್ತಿದ್ದ ನೀರು ಆವಿಯಾಗಿ, ಮೋಡವಾಗಿ, ಗುಡುಗು ಸಿಡಿಲುಗಳ ಬಳಿಕ ಮಳೆಯಾಗಿ ಇಳಿಯುತ್ತದೆ. ಆ ಮಳೆಗೆ ಗದ್ದೆ, ಗದ್ದೆಗೆ ಭತ್ತ, ಅದರಾಚೆ ದೇವಸ್ಥಾನದ ಶಿಖರ.

ಅದಿರಿನ ಚಿತ್ರದಲ್ಲಿ ಎಲಿಯಟ್‌ನ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ. ಪರಂಪರೆಯನ್ನು ದುಡಿದು ಪಡೆಯಬೇಕು ಎಂದದ್ದು ಅವನು. ಆದರೆ ಅವನದು ವಿಮರ್ಶಕನ ವಾದ. ಅಡಿಗರದು ಅಕ್ಕಸಾಲಿಗನ ಕುಲುಮೆ. ಅದಿರಿಗೆ ಯಾರೂ ಕೈಮುಗಿಯುವುದಿಲ್ಲ, ವಿಗ್ರಹಕ್ಕೆ ಮುಗಿಯುತ್ತಾರೆ. ನಡುವೆ ಬೆಂಕಿ ಇದೆ, ಸುತ್ತಿಗೆ ಇದೆ. ಹಳೆಯದೆಲ್ಲ ಹೊನ್ನು ಎನ್ನುವವರಿಗೂ ಹಳೆಯದೆಲ್ಲ ಕಸ ಎನ್ನುವವರಿಗೂ ಈ ಚಿತ್ರ ಒಂದೇ ಸಲಕ್ಕೆ ಉತ್ತರ ಕೊಡುತ್ತದೆ.

ನೀರಿನ ಚಿತ್ರ ಇನ್ನೂ ಮುಖ್ಯ. ನನ್ನ ಮಟ್ಟಿಗೆ ಈ ಕವಿತೆ ಎಲಿಯಟ್‌ನಿಂದ ಬೇರೆಯಾಗುವುದು ಇಲ್ಲಿಯೇ. ‘ದಿ ವೇಸ್ಟ್ ಲ್ಯಾಂಡ್’ನ ಕಷ್ಟ ನೀರಿಲ್ಲದ್ದು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಮನೆಗೊಂದು ಬಾವಿ ಇದ್ದ ಸೀಮೆ ಇದು. ಇಲ್ಲಿ ಹುಟ್ಟಿದವನಿಗೆ ಬರಗಾಲದ ಚಿತ್ರ ಎರವಲು ತಂದದ್ದಾಗುತ್ತಿತ್ತು. ಅಡಿಗರು ಅದನ್ನು ತರಲಿಲ್ಲ. ಅವರ ಕವಿತೆಯಲ್ಲಿ ನೀರು ಇದೆ, ಆದರೆ ಅದು ನಿಂತು ಕೊಳೆತಿದೆ. ಯೂರೋಪಿನ ಕವಿಗೆ ಹಿಂದಿನದು ಚೂರುಚೂರಾಗಿ ಕೈತಪ್ಪಿ ಹೋಗಿತ್ತು, ಅವನು ಚೂರುಗಳನ್ನು ಹೆಕ್ಕುತ್ತಿದ್ದ. ಮೊಗೇರಿಯ ಕವಿಗೆ ಹಿಂದಿನದು ಕೈತಪ್ಪಿದ್ದೇ ಇಲ್ಲ. ಮನೆಯಲ್ಲಿ, ಮಂತ್ರದಲ್ಲಿ, ಜಾತಿಯಲ್ಲಿ, ಶ್ರಾದ್ಧದ ಪಿಂಡದಲ್ಲಿ ಅದು ಬೇಕಾದಷ್ಟಿತ್ತು, ಬೇಡವಾದಷ್ಟೂ ಇತ್ತು. ಅವರ ಪ್ರಶ್ನೆ ಅದನ್ನು ಹುಡುಕುವುದಲ್ಲ, ಹರಿಯುವಂತೆ ಮಾಡುವುದು. ಆಲೋಚನೆಯ ಚೌಕಟ್ಟು ಅಲ್ಲಿಂದ ಬಂದಿರಬಹುದು, ರೋಗದ ಲಕ್ಷಣ ಇಲ್ಲಿಯದು, ಮದ್ದೂ ಇಲ್ಲಿಯದು.

ಮಳೆಯ ಬಗ್ಗೆ ಹೇಳುವಾಗ ಅಡಿಗರು ‘ವರ್ತಮಾನ’ ಎಂಬ ಪದವನ್ನು ತರುತ್ತಾರೆ. ಅದಕ್ಕೂ ಎರಡು ಅರ್ಥ: ಈಗಿನ ಕಾಲ, ಮತ್ತು ಸುದ್ದಿ. ಪತ್ರಿಕೆಯಲ್ಲಿ ಕೆಲಸ ಮಾಡುವವರಿಗೆ ಎರಡನೆಯದೇ ಮೊದಲು ಹೊಳೆಯುತ್ತದೆ. ಭೂತ ಎಂಬ ಪದದ ಎದುರು ವರ್ತಮಾನ ಬಂದು ನಿಂತಾಗ ದೆವ್ವ, ಕಾಲ, ಮಣ್ಣು–ನೀರು ಎಲ್ಲ ಒಟ್ಟಿಗೆ ಅಲುಗಾಡುತ್ತವೆ. ಇಂಗ್ಲಿಷಿನಲ್ಲಿ ಈ ಕವಿತೆ ಹುಟ್ಟುವುದು ಸಾಧ್ಯವಿರಲಿಲ್ಲ. ಆ ಭಾಷೆಯಲ್ಲಿ ದೆವ್ವಕ್ಕೂ ಭೂತಕಾಲಕ್ಕೂ ಒಂದೇ ಪದವಿಲ್ಲ. ಕನ್ನಡ ತನ್ನ ನಿಘಂಟಿನಲ್ಲಿ ಕೂಡಿಟ್ಟದ್ದನ್ನು ಕವಿ ಕಂಡುಕೊಂಡರು.

ಹಾಗಾದರೆ ನಮ್ಮ ಕೋಲದ ಭೂತಕ್ಕೂ ಈ ಕವಿತೆಗೂ ಏನು ಸಂಬಂಧ? ಇಲ್ಲಿ ಸ್ವಲ್ಪ ಎಚ್ಚರ ಬೇಕು. ಕವಿತೆ ಕೋಲದ ವರ್ಣನೆಯಲ್ಲ. ಬೈಂದೂರು, ಕುಂದಾಪುರದ ಕಡೆ ಮನೆಮಾತು ತುಳುವಲ್ಲ, ಕುಂದಗನ್ನಡ. ಆದರೂ ಅಲ್ಲಿಯೂ ಹಾಯ್ಗುಳಿ, ಬೊಬ್ಬರ್ಯ ಮುಂತಾದ ದೈವಗಳ ಆರಾಧನೆ ಇದೆ. ಭೂತಾರಾಧನೆಯ ಒಳಗಿನ ನಂಬಿಕೆಯೊಂದು ಈ ಕವಿತೆ ಓದುವಾಗ ನೆನಪಾಗದೆ ಇರದು. ಕಲ್ಕುಡನ ಕತೆ ಎಲ್ಲರಿಗೂ ಗೊತ್ತು. ಕಾರ್ಕಳದ ಅರಸ ಶಿಲ್ಪಿಯ ಕೈಕಾಲು ಕಡಿಸಿದ. ಅನ್ಯಾಯಕ್ಕೆ ಒಳಗಾದ ಕಲ್ಕುಡ, ತಂಗಿ ಕಲ್ಲುರ್ಟಿಯೊಂದಿಗೆ ದೈವವಾಗಿ ತಿರುಗಿ ಬಂದ. ಹಿಂದೆ ನಡೆದದ್ದು ಮುಗಿದುಹೋಗುವುದಿಲ್ಲ. ಲೆಕ್ಕ ಚುಕ್ತಾ ಆಗದಿದ್ದರೆ ಅದು ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಅದಕ್ಕೆ ವರ್ಷಕ್ಕೊಮ್ಮೆ ಜಾಗ ಕೊಡಬೇಕು, ಅದು ಆಡುವ ನುಡಿ ಕೇಳಬೇಕು. ಹಿಂದಿನ ಕಾಲ ಈಗಲೂ ಹಾಜರಿದೆ ಎಂದು ಎಲಿಯಟ್ ವಾದಿಸಿ ಹೇಳಬೇಕಾಯಿತು. ಕರಾವಳಿಯ ಹಳ್ಳಿಯಲ್ಲಿ ಬೆಳೆದವನಿಗೆ ಅದು ವಾದವೇ ಅಲ್ಲ, ಪ್ರತಿ ಪತ್ತನಾಜೆಯ ಒಳಗೆ ಕಣ್ಣಾರೆ ಕಂಡ ಸಂಗತಿ. ಪುಸ್ತಕದ ಮಾತು ಅಡಿಗರಿಗೆ ಅಷ್ಟು ಬೇಗ ಒಗ್ಗಿದ್ದು ಇದರಿಂದಲೇ ಇರಬೇಕು.

ಕವಿಯ ಬದುಕನ್ನು ಕವಿತೆಯಲ್ಲಿ ಹುಡುಕುವವರಿಗೆ ಎಲಿಯಟ್ ಒಂದು ತಡೆ ಹಾಕಿದ್ದ. ಕವಿತೆ ಕವಿಯ ವ್ಯಕ್ತಿತ್ವದ ತೋಡಿಕೊಳ್ಳುವಿಕೆಯಲ್ಲ, ಅದರಿಂದ ಬಿಡುಗಡೆ ಎಂದ ಅವನು. ‘ಭೂತ’ದಲ್ಲಿಯೂ ಅಡಿಗರ ಆತ್ಮಕಥೆ ಸಿಗುವುದಿಲ್ಲ. ಕವಿಗೆ ಏನಾಯಿತು, ಯಾರಲ್ಲಿ ಮುನಿಸು ಎಂಬುದು ಅಲ್ಲಿಲ್ಲ. ಬದುಕು ಒಳಗೆ ಬಂದದ್ದು ಘಟನೆಗಳಾಗಿ ಅಲ್ಲ, ವಸ್ತುಗಳಾಗಿ: ಬಾವಿ, ಗುದ್ದಲಿ, ಗದ್ದೆ, ಗೋಪುರ. ಕವಿತೆ ಅಚ್ಚಾದ ದಿನಗಳಲ್ಲಿ ಅಡಿಗರು ಮೈಸೂರಿನ ಸಂತ ಫಿಲೋಮಿನಾ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಬಾವಿಯ ಪಕ್ಕದಲ್ಲಿ ಕುಳಿತು ಬಾವಿಯ ಬಗ್ಗೆ ಬರೆದದ್ದಲ್ಲ. ಆ ದೂರವೂ ಕವಿತೆಗೆ ಬೇಕಾಗಿತ್ತು ಎಂದು ತೋರುತ್ತದೆ.

ಆಮೇಲಿನ ಜಗಳಗಳು ಬೇರೆ. ಇಷ್ಟದೇವತೆ, ಗುಡಿಗೋಪುರ ಎಂದರೆ ಕವಿ ಹಿಂದಕ್ಕೆ ಹೊರಟಿದ್ದಾರೆ ಎಂದು ಓದಿದವರಿದ್ದಾರೆ. 1971ರ ಲೋಕಸಭಾ ಚುನಾವಣೆಗೆ ಅಡಿಗರು ಬೆಂಗಳೂರಿನಿಂದ ಜನಸಂಘದ ಅಭ್ಯರ್ಥಿಯಾಗಿ ನಿಂತು ಸೋತರು. ಆಗ ಆ ಓದಿಗೆ ಇನ್ನಷ್ಟು ಬಲ ಬಂತು. ಆದರೆ ಹನ್ನೆರಡು ವರ್ಷ ಹಿಂದಿನ ಕವಿತೆಯನ್ನು ಚುನಾವಣೆಯ ಕನ್ನಡಕದಲ್ಲಿ ಓದುವುದು ಎಷ್ಟು ಸರಿ? ಇಷ್ಟಂತೂ ಹೇಳಬಹುದು: ವಿಗ್ರಹ ಸಿದ್ಧವಾಗಿದೆ ಎಂದು ಕವಿತೆ ಎಲ್ಲೂ ಹೇಳುವುದಿಲ್ಲ. ಕಸುಬು ಕಲಿಯಬೇಕು ಎನ್ನುತ್ತದೆ. ಇದೇ ಕವಿತೆಯ ಮೊದಲರ್ಧದಲ್ಲಿ ಹಿಂದಿನ ಕಾಲ ಎಷ್ಟು ನಾರುತ್ತದೆ ಎಂಬುದನ್ನು ಮರೆತವರು ಮಾತ್ರ ಇದನ್ನು ಪುನರುತ್ಥಾನದ ಹಾಡು ಎನ್ನಬಲ್ಲರು. ‘ಹಿಂದಿನದನ್ನು ಏನು ಮಾಡುವುದು?’ ಎಂಬ ಪ್ರಶ್ನೆ ನಮ್ಮ ಕರಾವಳಿಯಲ್ಲಿ ಇನ್ನೂ ಬಿಸಿಯಾಗಿಯೇ ಇರುವುದರಿಂದ ಈ ಚರ್ಚೆ ಪಾಠದ ಕೋಣೆಯಲ್ಲಿ ಮುಗಿಯುವಂಥದ್ದಲ್ಲ.

ಅಡಿಗರು ಮತ್ತೆ ಕರಾವಳಿಗೆ ಬಂದದ್ದು 1968ರಲ್ಲಿ, ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಪ್ರಾಂಶುಪಾಲರಾಗಿ. 1971ರವರೆಗೆ ಅಲ್ಲಿದ್ದರು. 1992ರ ನವೆಂಬರ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

‘ಭೂತ’ ಕಠಿಣ ಎಂದು ಪುಸ್ತಕ ಮುಚ್ಚುವವರಿಗೆ ಒಂದು ಸಲಹೆ. ಅದನ್ನು ಕಣ್ಣಿನಿಂದ ಓದಬೇಡಿ, ಗಟ್ಟಿಯಾಗಿ ಓದಿ. ಪ್ರಾಸ ಇಲ್ಲದಿದ್ದರೂ ಐದೈದು ಮಾತ್ರೆಯ ನಡೆ ಒಳಗೇ ಬಡಿಯುತ್ತಿರುತ್ತದೆ. ವಾಕ್ಯ ಸಾಲಿನ ಕೊನೆಗೆ ನಿಲ್ಲದೆ ಮುಂದಿನ ಸಾಲಿಗೆ ನುಗ್ಗುತ್ತದೆ, ಪೆಟ್ಟು ಮಾತ್ರ ತಪ್ಪುವುದಿಲ್ಲ. ಬಯಲಾಟ ನೋಡಿದ ಕಿವಿಗೆ ಇದು ತೀರ ಅಪರಿಚಿತ ಅನ್ನಿಸಲಿಕ್ಕಿಲ್ಲ.