ಕರೆಂಟು ಕಾರಿನ ಪ್ಲಗ್ಗು ಪುರಾಣ

ಕನ್ನಡದಲ್ಲಿ ಬ್ಲಾಗು ಬರೆಯುವ ನಮಗೆಲ್ಲ ಒಂದು ಹಳೇ ಗೋಳು ಗೊತ್ತೇ ಇದೆ. ಯುನಿಕೋಡ್ ಎಲ್ಲ ಕಡೆ ಬಳಕೆಗೆ ಬರುವ ಮುಂಚೆ ಬರಹ, ನುಡಿ, ಶ್ರೀಲಿಪಿ ಎಂದು ಒಂದೊಂದು ತಂತ್ರಾಂಶಕ್ಕೂ ಒಂದೊಂದು ಸಂಕೇತ. ಒಬ್ಬರು ಟೈಪಿಸಿದ್ದು ಇನ್ನೊಬ್ಬರ ಗಣಕಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಮೆರವಣಿಗೆ. ಅದನ್ನು ಸರಿಮಾಡಲು ಒಂದು ಕನ್ವರ್ಟರು. ಕನ್ವರ್ಟರಿನಲ್ಲಿ ಹಾಕಿ ತೆಗೆದರೂ ಅರ್ಕಾವೊತ್ತು ಎಲ್ಲೋ, ಒತ್ತಕ್ಷರ ಎಲ್ಲೋ! ಇಂದಿಗೂ ಡಿಟಿಪಿ ಅಂಗಡಿಗೆ ಹೋದವರಿಗೆ ಈ ಅನುಭವ ಆಗಿಯೇ ಇರುತ್ತದೆ.

ವಿದ್ಯುತ್ ಕಾರುಗಳ ಚಾರ್ಜಿಂಗ್ ಕನೆಕ್ಟರಿನ ಇತಿಹಾಸ ಓದುತ್ತಾ ಹೋದ ಹಾಗೆ ನನಗೆ ಪದೇ ಪದೇ ನೆನಪಾದದ್ದು ಈ ಫಾಂಟುಗಳ ಕಥೆಯೇ. ಪೆಟ್ರೋಲ್ ಬಂಕಿನ ನಳಿಕೆ ಯಾವ ಕಂಪನಿಯ ಕಾರಿಗಾದರೂ ಹಿಡಿಸುತ್ತದೆ, ಅದರ ಬಗ್ಗೆ ನಾವು ಒಂದು ದಿನವೂ ಯೋಚಿಸಿದವರಲ್ಲ. ಆದರೆ ಕರೆಂಟಿನ ವಿಷಯದಲ್ಲಿ ಮೂವತ್ತು ವರ್ಷಗಳ ಕಾಲ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಮೊದಲು ಒಂದು ಮೂಲ ಸಂಗತಿ. ಬ್ಯಾಟರಿಗೆ ಬೇಕಾದದ್ದು ಡಿಸಿ, ಗೋಡೆಯ ಸಾಕೆಟ್ಟಿನಲ್ಲಿ ಸಿಗುವುದು ಎಸಿ. ಇದನ್ನು ಅದಾಗಿಸುವ ಯಂತ್ರ ಕಾರಿನೊಳಗೆ ಇದ್ದರೆ ಅದು ಎಸಿ ಚಾರ್ಜಿಂಗ್; ನಿಧಾನ, ಆದರೆ ಅಗ್ಗ. ಆ ಯಂತ್ರವನ್ನು ದೊಡ್ಡದಾಗಿ ಮಾಡಿ ಹೊರಗೆ ಸ್ಟೇಷನ್ನಿನಲ್ಲಿ ಇಟ್ಟು, ಬ್ಯಾಟರಿಗೆ ನೇರವಾಗಿ ಡಿಸಿ ಹರಿಸಿದರೆ ಅದು ಫಾಸ್ಟ್ ಚಾರ್ಜಿಂಗ್. ಮುಂದಿನ ಜಗಳಗಳೆಲ್ಲ ಈ ಎರಡು ದಾರಿಗಳ ಮೇಲೆಯೇ ನಡೆದದ್ದು.

ಕಥೆ ಶುರುವಾಗುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. 1990ರಲ್ಲಿ ಅಲ್ಲಿನ ವಾಯುಮಾಲಿನ್ಯ ಮಂಡಳಿ, ದೊಡ್ಡ ಕಾರು ಕಂಪನಿಗಳು ಹೊಗೆಯೇ ಬಿಡದ ಕಾರುಗಳನ್ನೂ ಮಾರಬೇಕು ಎಂದು ನಿಯಮ ತಂದಿತು. 1996ರಲ್ಲಿ ಜನರಲ್ ಮೋಟಾರ್ಸ್ ಇವಿ1 ಎಂಬ ಕಾರನ್ನು ಹೊರತಂದಿತು. ಅದರ ಚಾರ್ಜಿಂಗ್ ವಿಧಾನ ನೋಡಿ: ಲೋಹದ ಪಿನ್ನುಗಳೇ ಇಲ್ಲ! ದೋಸೆ ಮಗುಚುವ ಸಟ್ಟುಗದಂಥ ಒಂದು ಪ್ಲಾಸ್ಟಿಕ್ ಹಲಗೆ, ಒಳಗೆ ತಂತಿಯ ಸುರುಳಿ. ಅದನ್ನು ಕಾರಿನ ಸೀಳಿನೊಳಗೆ ತೂರಿಸಿದರೆ ಟ್ರಾನ್ಸ್‌ಫಾರ್ಮರಿನ ತತ್ವದಂತೆ ಕಾಂತಕ್ಷೇತ್ರದ ಮೂಲಕ ವಿದ್ಯುತ್ ದಾಟುತ್ತಿತ್ತು. ಮ್ಯಾಗ್ನೆ ಚಾರ್ಜ್ ಎಂದು ಹೆಸರು. ಮಳೆಯಲ್ಲಿ ನೆನೆಯುತ್ತಾ ಹಿಡಿದರೂ ಶಾಕ್ ಹೊಡೆಯುವ ಭಯವಿಲ್ಲ. ಎಂಥ ಚೆಂದದ ಉಪಾಯ ಅಲ್ಲವೇ?

ಆದರೆ ಫೋರ್ಡ್ ಮತ್ತು ಹೋಂಡಾ ಆ ಕಾಲದ ತಮ್ಮ ವಿದ್ಯುತ್ ವಾಹನಗಳಿಗೆ ಲೋಹಕ್ಕೆ ಲೋಹ ತಾಗುವ ಆವ್‌ಕಾನ್ ಕನೆಕ್ಟರನ್ನು ಇಟ್ಟುಕೊಂಡವು. ಹಾಗಾಗಿ ಸಾರ್ವಜನಿಕ ಸ್ಟೇಷನ್ನುಗಳಲ್ಲಿ ಎರಡೆರಡು ಬಗೆಯ ಪೆಟ್ಟಿಗೆ ನಿಲ್ಲಿಸಬೇಕಾಯಿತು. ಕೊನೆಗೆ 2001ರಲ್ಲಿ ಮಂಡಳಿ ಲೋಹದ ಸಂಪರ್ಕದ ಪರವಾಗಿ ತೀರ್ಮಾನ ಮಾಡಿತು, ಮರುವರ್ಷ ಜನರಲ್ ಮೋಟಾರ್ಸ್ ಹಲಗೆಯನ್ನು ಕೈಬಿಟ್ಟಿತು. ಅಷ್ಟು ಹೊತ್ತಿಗೆ ಆ ಕಾರುಗಳ ಕಾಲವೂ ಮುಗಿಯುತ್ತಾ ಬಂದಿತ್ತು. ಇವಿ1 ಕಾರುಗಳನ್ನು ಲೀಸಿಗಷ್ಟೇ ಕೊಟ್ಟಿದ್ದ ಕಂಪನಿ ಅವನ್ನು ವಾಪಸು ಪಡೆದು ಬಹುಪಾಲನ್ನು ಜಜ್ಜಿ ಹಾಕಿತು. ಕಾರು ಹೋಯಿತು, ಸ್ಟೇಷನ್ನಿನ ಪೆಟ್ಟಿಗೆಗಳು ನಿಂತಲ್ಲೇ ಅನಾಥವಾದವು.

ಅದೇ 2001ರಲ್ಲಿ ನಮ್ಮ ಬೆಂಗಳೂರಿನಲ್ಲಿ ಏನಾಯಿತು ಗೊತ್ತೇ? ಚೇತನ್ ಮೈನಿಯವರ ರೇವಾ ಬಂತು. ನನಗಾಗ ಅಂಗನವಾಡಿಯ ವಯಸ್ಸು. ಆಟಿಕೆಯಂತಿದ್ದ ಆ ಪುಟ್ಟ ಕಾರು ಮುಂದೆ ಲಂಡನ್ನಿನ ಬೀದಿಗಳಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು. ಅದಕ್ಕೆ ಕನೆಕ್ಟರಿನ ತಲೆನೋವೇ ಇರಲಿಲ್ಲ. ಗೀಸರಿಗೆ ಹಾಕುವ 15 ಆಂಪಿಯರಿನ ಮನೆಯ ಸಾಕೆಟ್ಟಿಗೆ ಸಿಕ್ಕಿಸಿ ಮಲಗಿದರೆ ಬೆಳಿಗ್ಗೆ ಹೊತ್ತಿಗೆ ಕಾರು ತಯಾರು. ಊರೊಳಗೆ ಓಡಾಡಲು ಇಷ್ಟು ಸಾಕಿತ್ತು. ಊರು ಬಿಟ್ಟು ಹೋಗಬೇಕೆಂದಾಗಲೇ ಸಮಸ್ಯೆ ಶುರು.

2010ರ ಹೊತ್ತಿಗೆ ಲಿಥಿಯಂ ಬ್ಯಾಟರಿಯ ಕಾರುಗಳು ಬಂದವು, ಜೊತೆಗೆ ಪ್ಲಗ್ಗುಗಳ ಎರಡನೇ ಯುದ್ಧವೂ ಬಂತು. ಅಮೆರಿಕದ ಎಸ್‌ಎಇ ಸಂಸ್ಥೆ 2010ರ ಜನವರಿಯಲ್ಲಿ ಜಪಾನಿನ ಯಜಾಕಿ ಕಂಪನಿ ವಿನ್ಯಾಸಗೊಳಿಸಿದ ಐದು ಪಿನ್ನಿನ ದುಂಡನೆಯ ಕನೆಕ್ಟರನ್ನು ಜೆ1772 ಎಂಬ ಮಾನಕವಾಗಿ ಒಪ್ಪಿಕೊಂಡಿತು. ಇದನ್ನೇ ಟೈಪ್ 1 ಎನ್ನುತ್ತಾರೆ. ಇದರ ಒಂದು ಸಣ್ಣ ಪಿನ್ನಿನ ಬಗ್ಗೆ ಹೇಳದೆ ಮುಂದೆ ಹೋಗಲು ನನ್ನೊಳಗಿನ ಇಂಜಿನಿಯರು ಬಿಡುವುದಿಲ್ಲ :-)

ಆ ಪಿನ್ನಿನ ಹೆಸರು ಕಂಟ್ರೋಲ್ ಪೈಲಟ್. ಕಾರು ತಗುಲಿಕೊಂಡಿಲ್ಲದಾಗ ಅದರ ಮೇಲೆ 12 ವೋಲ್ಟ್. ಕಾರು ಬಂದು ಸಿಕ್ಕಿಕೊಂಡರೆ ತನ್ನೊಳಗಿನ ಒಂದು ರೆಸಿಸ್ಟರಿನಿಂದ ಅದನ್ನು 9ಕ್ಕೆ ಇಳಿಸುತ್ತದೆ. "ನಾನು ಬಂದಿದ್ದೇನೆ" ಎಂದರ್ಥ. 6ಕ್ಕೆ ಇಳಿಸಿದರೆ "ಕರೆಂಟು ಬಿಡಪ್ಪಾ" ಎಂದರ್ಥ. ಸ್ಟೇಷನ್ನು ತಾನು ಎಷ್ಟು ಆಂಪಿಯರ್ ಕೊಡಬಲ್ಲೆ ಎಂಬುದನ್ನು ಅದೇ ಪಿನ್ನಿನ ಮೇಲೆ ಸೆಕೆಂಡಿಗೆ ಸಾವಿರ ಸಲ ಮಿಡಿಯುವ ಚೌಕ ಅಲೆಯ ಅಗಲದಿಂದ ತಿಳಿಸುತ್ತದೆ. ಅಲೆ ಅರ್ಧ ಹೊತ್ತು ಮೇಲಿದ್ದರೆ 30 ಆಂಪಿಯರ್. ಈ ಮಾತುಕತೆ ಮುಗಿಯುವವರೆಗೆ ದಪ್ಪ ಪಿನ್ನುಗಳಲ್ಲಿ ವಿದ್ಯುತ್ತೇ ಇರುವುದಿಲ್ಲ. ಅಂದರೆ ಕನೆಕ್ಟರ್ ಎಂದರೆ ಬರೀ ಆಕಾರವಲ್ಲ, ಅದೊಂದು ಭಾಷೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯುರೋಪಿನವರಿಗೆ ಟೈಪ್ 1 ಸಾಲದಾಯಿತು. ಅದರಲ್ಲಿ ಒಂದೇ ಫೇಸು, ಅಲ್ಲಿ ಮೂರು ಫೇಸಿನ ಸರಬರಾಜು ಸಾಮಾನ್ಯ. ಜರ್ಮನಿಯ ಮೆನ್ನೆಕೆಸ್ ಕಂಪನಿ ಏಳು ಪಿನ್ನಿನ ಟೈಪ್ 2 ಮಾಡಿತು. ಫ್ರಾನ್ಸ್ ಮತ್ತು ಇಟಲಿಯ ಕೆಲವು ಕಂಪನಿಗಳು ಸಾಕೆಟ್ಟಿನ ತೂತುಗಳಿಗೆ ಮುಚ್ಚಳ ಇರಲೇಬೇಕೆಂದು ಟೈಪ್ 3 ಮಾಡಿದವು. ಫ್ರಾನ್ಸಿನ ಬೀದಿಗಳಲ್ಲಿ ಟೈಪ್ 3 ಕಂಬಗಳು ಎದ್ದವು. 2013ರಲ್ಲಿ ಐರೋಪ್ಯ ಆಯೋಗ ಟೈಪ್ 2 ಪರ ನಿಂತಿತು, 2014ರಲ್ಲಿ ಅದು ಕಾನೂನಾಯಿತು. ಟೈಪ್ 3 ಮೂಲೆ ಸೇರಿತು.

ಫಾಸ್ಟ್ ಚಾರ್ಜಿಂಗಿನಲ್ಲಿ ಮೊದಲು ಬಂದವರು ಜಪಾನಿಗರು. ಟೋಕಿಯೋ ವಿದ್ಯುತ್ ಕಂಪನಿ, ನಿಸ್ಸಾನ್, ಮಿತ್ಸುಬಿಷಿ ಮೊದಲಾದವರು ಸೇರಿ 2010ರ ಮಾರ್ಚಿನಲ್ಲಿ ಚಾಡೆಮೋ ಸಂಘ ಕಟ್ಟಿದರು. ಹೆಸರಿನಲ್ಲೊಂದು ತಮಾಷೆ ಇದೆ. ಜಪಾನಿ ಭಾಷೆಯಲ್ಲಿ 'ಒಂದು ಕಪ್ ಚಹಾ ಆಗಲಿ' ಎನ್ನುವ ಮಾತಿನ ಧ್ವನಿ ಅದರಲ್ಲಿದೆ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಚಾರ್ಜು ಆಗಲಿ ಎಂಬ ಆಶಯ. ಆದರೆ ಎಸಿಗೆ ಒಂದು, ಡಿಸಿಗೆ ಇನ್ನೊಂದು ಎಂದು ಕಾರಿಗೆ ಎರಡು ಬಾಯಿ ಬೇಕಿತ್ತು. 2012ರಲ್ಲಿ ಎಂಟು ಅಮೆರಿಕನ್ ಮತ್ತು ಜರ್ಮನ್ ಕಾರು ಬ್ರ್ಯಾಂಡುಗಳು ಒಂದಾಗಿ, ಹಳೆಯ ಎಸಿ ಕನೆಕ್ಟರಿನ ಕೆಳಗೇ ಎರಡು ದಪ್ಪ ಡಿಸಿ ಪಿನ್ನು ಸೇರಿಸಿದ ಸಿಸಿಎಸ್ ಅನ್ನು ಮುಂದಿಟ್ಟವು. ಟೈಪ್ 1ಕ್ಕೆ ಸೇರಿಸಿದರೆ ಸಿಸಿಎಸ್1, ಟೈಪ್ 2ಕ್ಕೆ ಸೇರಿಸಿದರೆ ಸಿಸಿಎಸ್2. ಚೀನಾ 2011ರಲ್ಲೇ ತನ್ನ ಜಿಬಿ/ಟಿ ಮಾಡಿಕೊಂಡಿತ್ತು. ಟೆಸ್ಲಾ 2012ರಲ್ಲಿ ಸೂಪರ್‌ಚಾರ್ಜರ್ ಶುರುಮಾಡಿ ತನ್ನದೇ ಪುಟ್ಟ ಕನೆಕ್ಟರ್ ಇಟ್ಟುಕೊಂಡಿತು. ಊರಿಗೊಂದು ದಾರಿಯಾದರೆ...

ಇಲ್ಲಿ ಅಡಾಪ್ಟರುಗಳ ಪ್ರವೇಶ. ಜೆ1772ರಿಂದ ಟೆಸ್ಲಾಕ್ಕೆ ಎಸಿ ಅಡಾಪ್ಟರ್ ಸುಲಭ, ಯಾಕೆಂದರೆ ಎರಡರ ಪೈಲಟ್ ಭಾಷೆಯೂ ಒಂದೇ. ಆಕಾರ ಬದಲಿಸಿದರೆ ಮುಗಿಯಿತು. ಆದರೆ ಚಾಡೆಮೋ ಮಾತಾಡುವುದು ಕ್ಯಾನ್ ಬಸ್ಸಿನಲ್ಲಿ, ಸಿಸಿಎಸ್ ಮಾತಾಡುವುದು ಪೈಲಟ್ ತಂತಿಯ ಮೇಲೆಯೇ ಪವರ್ ಲೈನ್ ಸಂವಹನದಲ್ಲಿ. ಇವೆರಡರ ನಡುವೆ ಬರೀ ತಾಮ್ರ ಸಾಲದು, ದುಭಾಷಿಯೇ ಬೇಕು. ಅಡಾಪ್ಟರಿನೊಳಗೆ ಒಂದು ಪುಟ್ಟ ಗಣಕ ಕೂರಿಸಬೇಕು. ಮೇಲಾಗಿ ನೂರಾರು ಆಂಪಿಯರ್ ಡಿಸಿ ಹರಿಯುವಾಗ ಸಂಪರ್ಕ ತಪ್ಪಿದರೆ ಕಿಡಿ ಸುಲಭವಾಗಿ ಆರುವುದಿಲ್ಲ, ಎಸಿಯಂತೆ ಅದು ಮತ್ತೆ ಮತ್ತೆ ಸೊನ್ನೆಗೆ ಬರುವುದಿಲ್ಲವಲ್ಲ. ಆದ್ದರಿಂದಲೇ ಅಗ್ಗದ ಡಿಸಿ ಅಡಾಪ್ಟರ್ ಎಂದರೆ ನನಗೆ ಭಯ.

2022ರ ನವೆಂಬರಿನಲ್ಲಿ ಟೆಸ್ಲಾ ತನ್ನ ಕನೆಕ್ಟರಿನ ವಿನ್ಯಾಸವನ್ನು ಎಲ್ಲರಿಗೂ ತೆರೆದಿಟ್ಟು ಎನ್‌ಎಸಿಎಸ್ ಎಂದು ಹೆಸರಿಟ್ಟಿತು. 2023ರ ಮೇನಲ್ಲಿ ಫೋರ್ಡ್, ಜೂನಿನಲ್ಲಿ ಜನರಲ್ ಮೋಟಾರ್ಸ್ ಅದನ್ನು ಒಪ್ಪಿಕೊಂಡವು. ಎಸ್‌ಎಇ ಅದಕ್ಕೆ ಜೆ3400 ಎಂಬ ಸಂಖ್ಯೆ ಕೊಟ್ಟಿತು. ಇದರ ಒಳಗುಟ್ಟು ಏನೆಂದರೆ ಬಾಯಿ ಟೆಸ್ಲಾದ್ದು, ಆಡುವ ಭಾಷೆ ಸಿಸಿಎಸ್‌ನದು! ಹಾಗಾಗಿಯೇ ಹಳೆಯ ಸಿಸಿಎಸ್1 ಕಾರುಗಳಿಗೆ ಸರಳವಾದ ಅಡಾಪ್ಟರ್ ಕೊಡಲು ಸಾಧ್ಯವಾಯಿತು. ಅದೇ ಚಾಡೆಮೋದ ಲೀಫ್ ಕೊಂಡವರ ಪಾಡು ನೋಡಿ. ಚಾಡೆಮೋ ಕಟ್ಟಿದ ನಿಸ್ಸಾನ್ ತಾನೇ 2020ರಲ್ಲಿ ಪ್ರಕಟಿಸಿದ ಆರಿಯಾ ಕಾರಿಗೆ ಅಮೆರಿಕ, ಯುರೋಪುಗಳಲ್ಲಿ ಸಿಸಿಎಸ್ ಆರಿಸಿಕೊಂಡಿತು.

ಈಗ ನಮ್ಮ ಮನೆಯ ಕಥೆಗೆ ಬರೋಣ. 2017ರಲ್ಲಿ ಕೇಂದ್ರ ಸರ್ಕಾರದ ಸಮಿತಿ ಭಾರತ್ ಎಸಿ-001, ಭಾರತ್ ಡಿಸಿ-001 ಎಂಬ ಎರಡು ಮಾನಕಗಳನ್ನು ಕೊಟ್ಟಿತು. ಎಸಿ-001 ಎಂದರೆ ಕಾರ್ಖಾನೆಗಳಲ್ಲಿ ಕಾಣುವ ನೀಲಿ ಬಣ್ಣದ ಸಾಕೆಟ್ಟುಗಳು ಮೂರು, ಒಂದೊಂದಕ್ಕೆ 3.3 ಕಿಲೋವ್ಯಾಟ್. ಡಿಸಿ-001 ಎಂದರೆ 15 ಕಿಲೋವ್ಯಾಟ್, ಚೀನಾದ ಜಿಬಿ/ಟಿ ಕನೆಕ್ಟರು. ಆಗಿನ ನಮ್ಮ ಕಾರುಗಳಾದ ಇ-ವೆರಿಟೋ, ಮೊದಲ ಟಿಗೋರ್‌ಗಳ ಬ್ಯಾಟರಿ ನೂರು ವೋಲ್ಟಿಗೂ ಕಡಿಮೆ, ಅದಕ್ಕೆ ತಕ್ಕ ಅಂಗಿ ಹೊಲಿದರು. ತಪ್ಪೇನಿಲ್ಲ. 2018ರ ಡಿಸೆಂಬರಿನಲ್ಲಿ ವಿದ್ಯುತ್ ಸಚಿವಾಲಯ, ಸಾರ್ವಜನಿಕ ಸ್ಟೇಷನ್ ಹಾಕುವವರು ಸಿಸಿಎಸ್, ಚಾಡೆಮೋ, ಟೈಪ್ 2 ಮತ್ತು ಈ ಎರಡು ಭಾರತ್ ಮಾದರಿ, ಹೀಗೆ ಐದನ್ನೂ ಇಡಬೇಕೆಂದಿತು. ಒಬ್ಬ ಗಿರಾಕಿಗೆ ಐದು ಎಲೆ ಹಾಕಿದ ಹಾಗೆ! ದುಬಾರಿಯಾಯಿತು ಎಂದು 2019ರಲ್ಲಿ ಅದನ್ನು ಸಡಿಲಿಸಿ, ಯಾವುದು ಬೇಕೋ ಅದನ್ನು ಹಾಕಿ ಎಂದರು.

ಅಷ್ಟರಲ್ಲಿ ಬಜಾರು ತೀರ್ಪು ಕೊಟ್ಟಿತ್ತು. 2019ರ ಹ್ಯುಂಡೈ ಕೋನಾ, 2020ರ ಜನವರಿಯ ನೆಕ್ಸಾನ್ ಇವಿ, ಎಂಜಿ ಝಡ್‌ಎಸ್ ಎಲ್ಲವೂ ಹೆಚ್ಚು ವೋಲ್ಟೇಜಿನ ಬ್ಯಾಟರಿಯವು, ಎಲ್ಲವೂ ಸಿಸಿಎಸ್2. ಬೆಂಗಳೂರಿನ ಎಷ್ಟೋ ಪಾರ್ಕಿಂಗುಗಳಲ್ಲಿ ಮೂರು ನೀಲಿ ಮುಚ್ಚಳದ ಆ ಪೆಟ್ಟಿಗೆಗಳು ಧೂಳು ಹಿಡಿದು ನಿಂತಿರುವುದನ್ನು ನಾನು ನೋಡಿದ್ದೇನೆ. ನೋಡಿದಾಗಲೆಲ್ಲ ಕ್ಯಾಲಿಫೋರ್ನಿಯಾದ ಸಟ್ಟುಗ ನೆನಪಾಗುತ್ತದೆ.

ಆದರೆ ಒಂದು ಹೆಮ್ಮೆಯ ವಿಷಯವೂ ಇದೆ. ನಮ್ಮ ರಸ್ತೆಗಳ ರಾಜ ಸ್ಕೂಟರು. ಅದಕ್ಕೆ ಸಿಸಿಎಸ್‌ನಂಥ ಗಡಿಗೆ ಗಾತ್ರದ ಪ್ಲಗ್ಗು ಹಾಕಲಾಗುವುದಿಲ್ಲ. ಬೆಂಗಳೂರಿನ ಏಥರ್ ಕಂಪನಿ ಎಸಿ, ಡಿಸಿ ಎರಡೂ ಒಂದೇ ಬಾಯಲ್ಲಿ ಹೋಗುವ ಪುಟ್ಟ ಕನೆಕ್ಟರ್ ಮಾಡಿ, 2021ರಲ್ಲಿ ಅದನ್ನು ಬೇರೆ ತಯಾರಕರಿಗೂ ತೆರೆದಿಟ್ಟಿತು. ಅದರ ಆಧಾರದ ಮೇಲೆ 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಹಗುರ ವಾಹನಗಳಿಗಾಗಿ ಐಎಸ್ 17017ರ ಹೊಸ ಭಾಗವನ್ನು ಹೊರತಂದಿತು. ತಮ್ಮದನ್ನು ಬಚ್ಚಿಟ್ಟುಕೊಳ್ಳದೆ ಹಂಚಿದ್ದರಿಂದಲೇ ಅದು ಮಾನಕವಾಯಿತು.

ಇಷ್ಟೆಲ್ಲ ಓದಿದ ಮೇಲೆ ನನಗನಿಸಿದ್ದು ಇಷ್ಟು. ಗೆದ್ದ ಪ್ಲಗ್ಗು ಯಾವಾಗಲೂ ಅತ್ಯುತ್ತಮವಾದ ಪ್ಲಗ್ಗೇ ಅಲ್ಲ. ಕೆಲವೊಮ್ಮೆ ಕಾನೂನು ಗೆಲ್ಲಿಸಿತು, ಕೆಲವೊಮ್ಮೆ ಸಂಖ್ಯಾಬಲ. ಆದರೆ ಸೋತ ಪ್ಲಗ್ಗಿನ ಬೆಲೆ ಕಟ್ಟಿದವರು ಮಾತ್ರ ಪ್ರತಿ ಸಲವೂ ಒಬ್ಬರೇ: ಮೊದಲು ನಂಬಿ ಕೊಂಡವರು ಮತ್ತು ಸ್ಟೇಷನ್ನಿಗೆ ಹಣ ಹಾಕಿದ ಸಾರ್ವಜನಿಕರು. ಸೋತ ಫಾಂಟಿನಲ್ಲಿ ತಮ್ಮ ಹತ್ತು ವರ್ಷದ ಬರಹ ಉಳಿಸಿಟ್ಟವರ ಹಾಗೆ. ಆಕಾರ ಬದಲಾದರೆ ಅಡಾಪ್ಟರ್ ಕಾಪಾಡುತ್ತದೆ. ಭಾಷೆಯೇ ಬೇರೆಯಾದರೆ ಅದೂ ಕಷ್ಟ. ಹಾಗಾಗಿ ಸರ್ಕಾರದ ದುಡ್ಡಲ್ಲಿ ಕಂಬ ನೆಡುವ ಮುಂಚೆ ಕೇಳಬೇಕಾದ ಪ್ರಶ್ನೆ 'ಇಂದಿನ ಕಾರಿಗೆ ಹಿಡಿಸುತ್ತದೆಯೇ' ಎಂಬುದಷ್ಟೇ ಅಲ್ಲ, 'ನಾಳೆ ಇದರ ಮಾತು ಯಾರಿಗೆ ಅರ್ಥವಾಗುತ್ತದೆ' ಎಂಬುದು.

ನಿಮ್ಮ ಊರಿನ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಯಾವ ಯಾವ ಪ್ಲಗ್ಗು ನೇತಾಡುತ್ತಿವೆ? ಮುಂದಿನ ಸಲ ಆ ಕಡೆ ಹೋದಾಗ ಒಮ್ಮೆ ನೋಡಿ ಬನ್ನಿ. ಧೂಳು ಹಿಡಿದ ನೀಲಿ ಪೆಟ್ಟಿಗೆಯೊಂದು ಅಲ್ಲೂ ಇದ್ದೀತು.