ನಗರ ಮತದಾರರ ನಿರಾಸಕ್ತಿ

ನಗರ ಮತದಾರರ ನಿರಾಸಕ್ತಿ ಎಂದರೆ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೂ ನಗರವಾಸಿಗಳಲ್ಲಿ ಅನೇಕರು ಮತಗಟ್ಟೆಗೆ ಬಾರದಿರುವ ಪ್ರವೃತ್ತಿ. ಕರ್ನಾಟಕದಲ್ಲಿ ಇದಕ್ಕೆ ಬೆಂಗಳೂರು ಪ್ರಮುಖ ಉದಾಹರಣೆಯಾಗಿದೆ.

ಹಿನ್ನೆಲೆ

ಭಾರತ ಸಂವಿಧಾನದ 326ನೆಯ ವಿಧಿಯು ವಯಸ್ಕ ಮತದಾನ ಪದ್ಧತಿಯನ್ನು ವಿಧಿಸುತ್ತದೆ. 61ನೆಯ ತಿದ್ದುಪಡಿಯ ಮೂಲಕ 1989ರಲ್ಲಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಲಾಯಿತು. 1951–52ರ ಮೊದಲ ಲೋಕಸಭಾ ಚುನಾವಣೆಯಲ್ಲಿ ದೇಶದ ಮತದಾನ ಪ್ರಮಾಣ ಸುಮಾರು ಶೇಕಡಾ 45 ಇತ್ತು. 2019ರಲ್ಲಿ ಅದು ಶೇಕಡಾ 67ನ್ನು ದಾಟಿತು. ಆದರೆ ಈ ಏರಿಕೆ ಎಲ್ಲೆಡೆ ಸಮನಾಗಿಲ್ಲ.

ಬೆಂಗಳೂರು ಮತ್ತು ಮಂಡ್ಯ

2024ರ ಏಪ್ರಿಲ್ 26ರಂದು ಈ ಎರಡೂ ಕಡೆ ಲೋಕಸಭಾ ಚುನಾವಣೆಯ ಮತದಾನ ನಡೆಯಿತು. ಮಂಡ್ಯದಲ್ಲಿ ಶೇಕಡಾ 81ಕ್ಕೂ ಹೆಚ್ಚು ಮತದಾರರು ಮತ ಚಲಾಯಿಸಿದರು. ನೂರು ಕಿಲೋಮೀಟರಿನಷ್ಟು ದೂರದ ಬೆಂಗಳೂರಿನ ಉತ್ತರ, ಕೇಂದ್ರ ಮತ್ತು ದಕ್ಷಿಣ ಕ್ಷೇತ್ರಗಳಲ್ಲಿ ಪ್ರಮಾಣ ಶೇಕಡಾ 53ರಿಂದ 55ರೊಳಗೆ ನಿಂತಿತು. 2019ರಲ್ಲಿಯೂ ಹೆಚ್ಚುಕಡಿಮೆ ಇದೇ ಅಂತರವಿತ್ತು.

ಕಾರಣಗಳು

ಈ ಅಂತರಕ್ಕೆ ಉದಾಸೀನತೆಯೊಂದೇ ಕಾರಣವಲ್ಲ. ಮತದಾನ ಪ್ರಮಾಣವನ್ನು ಪಟ್ಟಿಯಲ್ಲಿರುವ ಒಟ್ಟು ಹೆಸರುಗಳ ಆಧಾರದ ಮೇಲೆ ಲೆಕ್ಕಹಾಕಲಾಗುತ್ತದೆ. ಬಾಡಿಗೆ ಮನೆ ಬದಲಿಸಿದವರು, ಊರು ಬಿಟ್ಟವರು ಹಾಗೂ ನಿಧನರಾದವರ ಹೆಸರುಗಳು ಪಟ್ಟಿಯಲ್ಲಿ ಉಳಿದರೆ ಪ್ರಮಾಣ ತಾನಾಗಿ ಕುಗ್ಗುತ್ತದೆ. ಉದ್ಯೋಗಕ್ಕಾಗಿ ಬಂದ ಹಲವರ ಹೆಸರು ಸ್ವಂತ ಊರಿನ ಪಟ್ಟಿಯಲ್ಲೇ ಇರುತ್ತದೆ. ಗ್ರಾಮಗಳಲ್ಲಿ ಅಭ್ಯರ್ಥಿಯೂ ಕಾರ್ಯಕರ್ತರೂ ಪರಿಚಿತರಾಗಿರುವುದುಂಟು. ನಗರದಲ್ಲಿ ಆ ಒಡನಾಟ ಕಡಿಮೆ.

ಪರಿಣಾಮ

ನೂರು ಮತದಾರರಲ್ಲಿ 54 ಮಂದಿ ಮತ ಹಾಕಿ, ಅದರಲ್ಲಿ ಅರ್ಧದಷ್ಟು ಮತ ಪಡೆದವರು ಗೆದ್ದರೆ, ಅವರಿಗೆ ದೊರೆತ ಬೆಂಬಲ 27 ಜನರದು ಮಾತ್ರ. ಉಳಿದವರ ಮೌನವೂ ಫಲಿತಾಂಶವನ್ನು ರೂಪಿಸುತ್ತದೆ.

ಪರಿಹಾರ ಕ್ರಮಗಳು

ಪ್ರಜಾಪ್ರತಿನಿಧಿ ಕಾಯ್ದೆಯಡಿ ಮತದಾನದ ದಿನ ನೌಕರರಿಗೆ ಸಂಬಳಸಹಿತ ರಜೆ ನೀಡಬೇಕು. 2011ರಿಂದ ಜನವರಿ 25ನ್ನು ರಾಷ್ಟ್ರೀಯ ಮತದಾರರ ದಿನವಾಗಿ ಆಚರಿಸಲಾಗುತ್ತಿದೆ. ಸರ್ವೋಚ್ಚ ನ್ಯಾಯಾಲಯದ 2013ರ ತೀರ್ಪಿನ ನಂತರ ಯಾವ ಅಭ್ಯರ್ಥಿಯನ್ನೂ ಒಪ್ಪದವರಿಗಾಗಿ ಮತಯಂತ್ರದಲ್ಲಿ ‘ನೋಟಾ’ ಗುಂಡಿಯನ್ನು ಸೇರಿಸಲಾಯಿತು. ಆಸ್ಟ್ರೇಲಿಯಾದಲ್ಲಿ 1924ರಿಂದ ಮತದಾನ ಕಡ್ಡಾಯ. ಭಾರತದಲ್ಲಿ ಅದು ಸ್ವಇಚ್ಛೆಗೆ ಬಿಟ್ಟದ್ದು.

ಹೊಸದಾಗಿ ಹೆಸರು ಸೇರಿಸಲು ನಮೂನೆ 6ನ್ನೂ, ವಾಸಸ್ಥಳ ಬದಲಾದಾಗ ನಮೂನೆ 8ನ್ನೂ ಸಲ್ಲಿಸಬೇಕು. ಗುರುತಿನ ಚೀಟಿ ಕೈಯಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತ ಹಾಕಲಾಗದು. ಆದ್ದರಿಂದ ಚುನಾವಣೆ ಘೋಷಣೆಯಾಗುವ ಮೊದಲೇ ಪಟ್ಟಿಯನ್ನು ಪರಿಶೀಲಿಸಿಕೊಳ್ಳುವುದು ಅಗತ್ಯ.